ಲೋಗೋ ಬಂದು ಸ್ಕ್ರೀನ್ ಕಪ್ಪಾಗುತ್ತೆ ಅಂದಿರಿ. ಯಾವ ಲೋಗೋ?

ಪ್ರಶ್ನೆ: ಸರ್, ನಾನು ಮೂಡಿಗೆರೆ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಆಫೀಸಿನಲ್ಲಿ ಹತ್ತು ವರ್ಷದ ಹಳೇ ಡೆಸ್ಕ್‌ಟಾಪ್ ಇದೆ. ಅದರಲ್ಲಿರೋದು ವಿಂಡೋಸ್ ಅಲ್ಲ, ಲಿನಕ್ಸ್ ಮಿಂಟ್. ಚೆಕ್‌ರೋಲ್ (ಆಳುಗಳ ಹಾಜರಿ ಪಟ್ಟಿ), ಮಳೆ ಲೆಕ್ಕ ಎಲ್ಲಾ ಅದರಲ್ಲೇ. ಜೂನ್‌ನಲ್ಲಿ ಮಾನಿಟರ್ ಕೇಬಲ್ಲನ್ನು ಇಲಿ ಕಡಿದುಹಾಕಿತು. ಪೇಟೆಯಿಂದ ಹೊಸದು ತಂದು ಹಾಕಿದೆವು. ಅದೇ ವಾರ ಅಪ್‌ಡೇಟ್ ಕೂಡ ಮಾಡಿದೆ. ಮಾರನೇ ದಿನ ಲೋಗೋ ಬಂದು ಸ್ಕ್ರೀನ್ ಕಪ್ಪಾಯಿತು. ನಮ್ಮ ಅಕ್ಕನ ಮಗ ಬಂದು, ಆನ್ ಆಗುವಾಗಲೇ ಏನೋ ಟೈಪ್ ಮಾಡಿ ಸರಿ ಮಾಡಿದ. ಆವತ್ತಿನಿಂದ ಅಕ್ಷರ ಎಲ್ಲಾ ಅಡ್ಡಡ್ಡ ಹಿಗ್ಗಿ ಕಾಣುತ್ತಿವೆ. ಸೆಟ್ಟಿಂಗ್ಸ್‌ನಲ್ಲಿ 1024×768ಕ್ಕಿಂತ ದೊಡ್ಡದು ಯಾವುದೂ ಇಲ್ಲ. ಮಾನಿಟರ್ 20 ಇಂಚಿನದು, ಡಬ್ಬದ ಮೇಲೆ 1600×900 ಎಂದಿದೆ. ಕನ್ನಡದ ಒತ್ತಕ್ಷರ ಓದಕ್ಕೇ ಆಗಲ್ಲ, ಫಾಂಟ್ ಹಾಳಾಗಿದೆಯಾ? ಕಪ್ಪಾಗುವುದು ಕೂಡ ಪೂರ್ತಿ ನಿಂತಿಲ್ಲ. ನಾಲ್ಕೈದು ದಿನಕ್ಕೊಮ್ಮೆ ಬೆಳಿಗ್ಗೆ ಹಾಗಾಗುತ್ತೆ. ಅಂಗಡಿಯವರು ‘ಇದು ಲಿನಕ್ಸ್ ತೊಂದರೆ, ವಿಂಡೋಸ್ ಹಾಕಿಸಿ’ ಅಂದರು. ಹಾಕಿಸಲಾ?

ಉತ್ತರ: ರೈಟರೇ, ವಿಂಡೋಸ್ ವಿಚಾರ ಆಮೇಲೆ ನೋಡೋಣ. ನಿಮ್ಮ ಪತ್ರದಲ್ಲಿ ಇಲಿ ವಿಷಯ ಒಂದೇ ಸಾಲಲ್ಲಿ ಬಂದು ಹೋಗಿದೆ. ನಾನು ಮೊದಲು ಹಿಡಿದುಕೊಂಡಿದ್ದು ಅದನ್ನೇ.

ನಿಮ್ಮ ಕಂಪ್ಯೂಟರಿಗೆ ಇರುವುದು ಒಂದು ಕಾಯಿಲೆ ಅಲ್ಲ, ಎರಡು. ಅಕ್ಷರ ಹಿಗ್ಗಿದ್ದು ಬೇರೆ, ಸ್ಕ್ರೀನ್ ಕಪ್ಪಾಗುವುದು ಬೇರೆ. ಎರಡೂ ಒಂದೇ ವಾರ ಶುರುವಾದವು. ಅದಕ್ಕೇ ನಿಮಗೆ ಒಂದೇ ಅನ್ನಿಸಿದೆ. ಅದೇ ವಾರ ಅಪ್‌ಡೇಟ್ ಮಾಡಿದ್ದರಿಂದ ತಪ್ಪೆಲ್ಲ ಅದರ ತಲೆಗೆ ಬಂತು. ಅಪ್‌ಡೇಟ್ ಯಾವತ್ತೂ ತಪ್ಪು ಮಾಡಲ್ಲ ಅಂತ ನಾನು ಹೇಳಲ್ಲ. ಆದರೆ ಸ್ಪ್ರಿಂಕ್ಲರ್ ತಿರುಗಲಿಲ್ಲ ಎಂದು ಮೊದಲು ಪಂಪ್ ಬಿಚ್ಚುತ್ತೀರಾ? ಇಲ್ಲ ತಾನೇ? ಲೈನ್ ಹಿಡಿದು ನಡೆದು, ನೀರು ಎಲ್ಲಿವರೆಗೆ ಬಂದಿದೆ ಎಂದು ನೋಡುತ್ತೀರಿ. ಇಲ್ಲಿಯೂ ಅಷ್ಟೇ. ಚಿತ್ರ ಎಲ್ಲಿವರೆಗೆ ಬಂದು ನಿಂತಿತು ಅನ್ನುವುದು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಮೊದಲು ಹಿಗ್ಗಿದ ಅಕ್ಷರ.

ಮಾನಿಟರಿನ ಒಳಗೆ ಒಂದು ಪುಟ್ಟ ಚಿಪ್ ಇರುತ್ತದೆ. ಅದರಲ್ಲಿ ಮಾನಿಟರಿನ ಜಾತಕ ಬರೆದಿರುತ್ತದೆ. ಯಾವ ಕಂಪನಿ, ಎಷ್ಟು ಅಗಲ, ಎಷ್ಟು ಎತ್ತರ, ಯಾವ ರೆಸಲ್ಯೂಷನ್ (ಅಡ್ಡಕ್ಕೆ ಎಷ್ಟು ಚುಕ್ಕಿ, ಎತ್ತರಕ್ಕೆ ಎಷ್ಟು ಚುಕ್ಕಿ) ಸರಿ ಹೊಂದುತ್ತದೆ, ಇಷ್ಟೂ ಬರೀ 128 ಬೈಟ್‌ನಲ್ಲಿ. ಇದಕ್ಕೆ ಇಡಿಐಡಿ ಎಂದು ಹೆಸರು. ಕಂಪ್ಯೂಟರ್ ಆನ್ ಆದಾಗ ಕೇಬಲ್ ಮೂಲಕ ಇದನ್ನು ಓದುತ್ತದೆ, ಓದಿ ಅದರ ಪ್ರಕಾರ ಚಿತ್ರ ಕಳಿಸುತ್ತದೆ. ಓದಲು ಆಗದಿದ್ದರೆ? ಎದುರಿಗಿರುವುದು ಎಂಥ ಮಾನಿಟರೋ ಗೊತ್ತಿಲ್ಲ. ಜಾಸ್ತಿ ಕಳಿಸಿ ತೊಂದರೆ ಆಗುವುದು ಬೇಡ ಎಂದು 1024×768ಕ್ಕೆ ನಿಂತುಬಿಡುತ್ತದೆ.

ನಿಮ್ಮದು ಹಳೇ ಡೆಸ್ಕ್‌ಟಾಪ್, ಹಾಗಾಗಿ ಕೇಬಲ್ ಬಹುಶಃ ನೀಲಿ ತಲೆಯ ವಿಜಿಎ. 1987ರಲ್ಲಿ ಐಬಿಎಂ ತಂದ ವ್ಯವಸ್ಥೆ ಅದು. ಆಗ ಈ ಇಡಿಐಡಿ ಇರಲೇ ಇಲ್ಲ, ಅದು ಬಂದಿದ್ದು 1994ರಲ್ಲಿ. ವಿಜಿಎ ತಲೆಯಲ್ಲಿ ಮೂರು ಸಾಲು, ಸಾಲಿಗೆ ಐದು, ಒಟ್ಟು 15 ಪಿನ್. ಚಿತ್ರದ ಬಣ್ಣ ಹೋಗುವುದು ಮೊದಲ ಮೂರು ಪಿನ್‌ಗಳಲ್ಲಿ. ಜಾತಕ ಬರುವುದು 12 ಮತ್ತು 15ನೇ ಪಿನ್‌ಗಳಲ್ಲಿ. ಅಗ್ಗದ ಕೇಬಲ್ ಮಾಡುವವರು ತಾಮ್ರ ಉಳಿಸಲು ಕತ್ತರಿ ಹಾಕುವುದು ಈ ಎರಡಕ್ಕೇ. ಚಿತ್ರ ಚೆನ್ನಾಗಿಯೇ ಬರುತ್ತದೆ, ಹಾಗಾಗಿ ಕೊಳ್ಳುವಾಗ ಗೊತ್ತಾಗುವುದೇ ಇಲ್ಲ. ಮನೆಗೆ ತಂದ ಮೇಲೆ ಮಾನಿಟರ್ ಮೂಗಿ ಆಗಿರುತ್ತದೆ!

ಕಣ್ಣಲ್ಲಿ ನೋಡಿ ನಿರ್ಧಾರ ಮಾಡಬೇಡಿ. ಪಿನ್ ಇದ್ದರೂ ಒಳಗೆ ವೈರ್ ಇಲ್ಲದಿರಬಹುದು. ಇನ್ನೊಂದು ಕಡೆ, ನಡುವಿನ ಸಾಲಿನಲ್ಲಿ ಒಂದು ಪಿನ್ ಕಾಣಿಸಲಿಲ್ಲ ಎಂದು ಅಂಗಡಿಯವರ ಹತ್ತಿರ ಜಗಳಕ್ಕೆ ಹೋಗಬೇಡಿ. 9ನೇ ಪಿನ್ ಎಷ್ಟೋ ಒಳ್ಳೇ ಕೇಬಲ್‌ಗಳಲ್ಲೂ ಇರುವುದಿಲ್ಲ. ಎಸ್ಟೇಟಿನ ಎಲೆಕ್ಟ್ರಿಷಿಯನ್ ಹತ್ತಿರ ಮಲ್ಟಿಮೀಟರ್ ಇದ್ದೇ ಇರುತ್ತದೆ. ಅದನ್ನು ಬೀಪ್ ಬರುವ ಕಡೆ ತಿರುಗಿಸಿ. ಒಂದು ಕಡ್ಡಿಯನ್ನು ಈ ತುದಿಯ 12ಕ್ಕೆ, ಇನ್ನೊಂದನ್ನು ಆ ತುದಿಯ 12ಕ್ಕೆ ಇಡಿ. 15ಕ್ಕೂ ಹಾಗೇ ಮಾಡಿ. ಬೀಪ್ ಬರಲಿಲ್ಲ ಅಂದರೆ ಕಳ್ಳ ಸಿಕ್ಕಿದ. ಪಿನ್ ಸಂಖ್ಯೆಗಳನ್ನು ತಲೆಯ ಪ್ಲಾಸ್ಟಿಕ್ ಮೇಲೇ ಸಣ್ಣದಾಗಿ ಅಚ್ಚು ಹಾಕಿರುತ್ತಾರೆ. ಕಾಣದಿದ್ದರೆ ಮೊಬೈಲಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ.

ಆದರೆ ಕೇಬಲ್ ಮೇಲೆ ಒಂದೇ ಸಲ ಕೇಸ್ ಹಾಕುವಂತಿಲ್ಲ. 1024×768ಕ್ಕೆ ನಿಲ್ಲಿಸುವ ಇನ್ನೊಬ್ಬ ಆಸಾಮಿ ಇದ್ದಾನೆ. ನಿಮ್ಮ ಅಕ್ಕನ ಮಗ ‘ಏನೋ ಟೈಪ್ ಮಾಡಿದ’ ಅಂದಿರಲ್ಲ, ಅದು ಬಹುಶಃ ನೋಮೋಡ್‌ಸೆಟ್ ಅನ್ನುವ ಒಂದು ಪದ. ಲಿನಕ್ಸ್ ಕಪ್ಪು ಸ್ಕ್ರೀನಿಗೆ ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಮೊದಲು ಸಿಗುವ ಮದ್ದು ಅದು. ‘ಗ್ರಾಫಿಕ್ಸ್ ಡ್ರೈವರಿಗೆ ಕೆಲಸ ಕೊಡಬೇಡ, ಹೇಗೋ ಏನೋ ಒಂದು ಚಿತ್ರ ತೋರಿಸು’ ಎಂದು ಲಿನಕ್ಸಿಗೆ ಹೇಳುವ ಮಾತು. ಗ್ರಾಫಿಕ್ಸ್ ಡ್ರೈವರ್ ಅಂದರೆ ಸ್ಕ್ರೀನಿಗೆ ಚಿತ್ರ ಕಳಿಸುವ ಕೆಲಸ ನೋಡಿಕೊಳ್ಳುವ ಸಾಫ್ಟ್‌ವೇರ್. ಚಿತ್ರ ಬರುತ್ತದೆ, ನಿಜ. ಆದರೆ ಡ್ರೈವರ್ ಸುಮ್ನೆ ಕೂತಿರುತ್ತದೆ. ರೆಸಲ್ಯೂಷನ್ ಬದಲಾಯಿಸಲು ಆಗಲ್ಲ, ವಿಡಿಯೋ ನಿಧಾನ, ಪ್ರೊಸೆಸರ್ ಬಿಸಿ. ರಾತ್ರಿ ಕರೆಂಟ್ ಹೋದಾಗ ಟಾರ್ಚ್ ಹಿಡಿದು ಫ್ಯೂಸ್ ಹುಡುಕುತ್ತೇವಲ್ಲ, ನೋಮೋಡ್‌ಸೆಟ್ ಅಷ್ಟಕ್ಕೇ ಇರುವುದು. ಟಾರ್ಚ್ ಬೆಳಕಲ್ಲೇ ತಿಂಗಳುಗಟ್ಟಲೆ ಸಂಸಾರ ಮಾಡಬಾರದು.

ಇಬ್ಬರಲ್ಲಿ ಯಾರು ಎಂದು ಪತ್ತೆ ಮಾಡುವುದು ಸುಲಭ. ಟರ್ಮಿನಲ್ (ಕಮಾಂಡ್ ಟೈಪ್ ಮಾಡುವ ಕಿಟಕಿ) ತೆಗೆದು ಎಕ್ಸ್‌ರ್ಯಾಂಡರ್ ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿ ಎಕ್ಸ್, ಆರ್, ಎ, ಎನ್, ಡಿ, ಆರ್, ಆರೇ ಅಕ್ಷರ. ಮುಂದೆ ಬರುವ ಕಮಾಂಡ್‌ಗಳನ್ನೂ ನಾನು ಕನ್ನಡದಲ್ಲೇ ಬರೆಯುತ್ತೇನೆ, ನೀವು ಇಂಗ್ಲಿಷಿನಲ್ಲಿ ಟೈಪ್ ಮಾಡಿಕೊಳ್ಳಿ. ಉತ್ತರದಲ್ಲಿ ‘ಕನೆಕ್ಟೆಡ್’ ಎಂದಿರುವ ಸಾಲನ್ನು ನೋಡಿ.

ಆ ಸಾಲು ವಿಜಿಎ-1 ಎಂದು ಶುರುವಾಗಿ, ಕೊನೆಗೆ 0 ಎಂಎಂ × 0 ಎಂಎಂ ಎಂದಿದ್ದರೆ ತಪ್ಪು ಕೇಬಲ್‌ದು. ಡ್ರೈವರ್ ಕೆಲಸ ಮಾಡುತ್ತಿದೆ, ಮಾನಿಟರ್ ಇದೆ ಅಂತಲೂ ಗೊತ್ತಾಗಿದೆ, ಆದರೆ ಅದರ ಅಳತೆ ಸಿಕ್ಕಿಲ್ಲ. ಸರಿಯಾದ ಕೇಬಲ್ ಇದ್ದರೆ ನಿಮ್ಮ 20 ಇಂಚಿಗೆ ಅಲ್ಲಿ 443 ಮತ್ತು 249ರ ಆಸುಪಾಸು ಬರಬೇಕು. ಮಿಲಿಮೀಟರ್ ಲೆಕ್ಕ, ಬೇಕಾದರೆ ಟೇಪ್ ಹಿಡಿದು ನೋಡಿ. ವಿಜಿಎ ಎಂಬ ಹೆಸರೇ ಇಲ್ಲದೆ ‘ಡೀಫಾಲ್ಟ್’ ಎಂದೋ ‘ನನ್-1’ ಎಂದೋ ‘ಅನ್‌ನೋನ್-1’ ಎಂದೋ ಬಂದರೆ, ಡ್ರೈವರ್ ಕೆಲಸವನ್ನೇ ಶುರು ಮಾಡಿಲ್ಲ. ನೋಮೋಡ್‌ಸೆಟ್ ಇನ್ನೂ ಕೂತಿದೆ. ಖಚಿತ ಮಾಡಿಕೊಳ್ಳಲು ‘ಕ್ಯಾಟ್ /ಪ್ರಾಕ್/ಸಿಎಂಡಿಲೈನ್’ ಎಂದು ಕೊಡಿ. ಈ ಸಲ ಕಂಪ್ಯೂಟರ್ ಯಾವ ಮಾತು ಕೇಳಿಕೊಂಡು ಎದ್ದಿದೆ ಅನ್ನುವುದನ್ನು ಅದು ಒಂದೇ ಸಾಲಿನಲ್ಲಿ ತೋರಿಸುತ್ತದೆ. ಆ ಪದ ಅಲ್ಲಿದ್ದರೆ ಇದೆ, ಇಲ್ಲದಿದ್ದರೆ ಇಲ್ಲ.

ಹುಡುಗನ ಮೇಲೆ ಸಿಟ್ಟಾಗಬೇಡಿ. ಅವನು ಆನ್ ಆಗುವಾಗ ಬರುವ ಬೂಟ್ ಮೆನುವಿನಲ್ಲಿ ಮಾತ್ರ ಸೇರಿಸಿದ್ದರೆ ಅದು ಆ ಒಂದು ಸಲಕ್ಕೆ, ಮುಂದಿನ ಸಲ ತಾನಾಗೇ ಹೋಗಿರುತ್ತದೆ. ಇನ್ನೂ ಕೂತಿದೆ ಅಂದರೆ ಫೈಲಿಗೇ ಬರೆದಿದ್ದಾನೆ. ತೆಗೆಯುವುದು ಹೀಗೆ. ‘ಸುಡೋ ನ್ಯಾನೋ /ಇಟಿಸಿ/ಡೀಫಾಲ್ಟ್/ಗ್ರಬ್’ ಎಂದು ಫೈಲ್ ತೆರೆಯಿರಿ. ‘ಕ್ವಯಟ್ ಸ್ಪ್ಲ್ಯಾಶ್’ ಎಂಬ ಪದಗಳ ಪಕ್ಕದಲ್ಲೇ ಅದು ಇರುತ್ತದೆ. ಆ ಒಂದು ಪದ ಮಾತ್ರ ಅಳಿಸಿ, ಸುತ್ತಲಿನ ಉದ್ಧರಣ ಚಿಹ್ನೆ ಮುಟ್ಟಬೇಡಿ. ಕಂಟ್ರೋಲ್ ಓ, ಎಂಟರ್, ಕಂಟ್ರೋಲ್ ಎಕ್ಸ್. ಆಮೇಲೆ ‘ಸುಡೋ ಅಪ್‌ಡೇಟ್-ಗ್ರಬ್’. ಈ ಕೊನೇದನ್ನು ಮರೆತರೆ ಮಾಡಿದ್ದೆಲ್ಲ ದಂಡ. ನಾನೂ ಮರೆತಿದ್ದೇನೆ, ಒಂದು ಸಲ ಅಲ್ಲ.

ಕೇಬಲ್‌ದೇ ತಪ್ಪು ಎಂದಾದರೆ ಒಳ್ಳೇ ಕೇಬಲ್ ತನ್ನಿ. ಮಾನಿಟರಿಗೂ ಕ್ಯಾಬಿನೆಟ್ಟಿಗೂ ಎಚ್‌ಡಿಎಂಐ ಇದ್ದರೆ ಅದನ್ನೇ ಹಾಕಿ, ವಿಜಿಎ ಸಹವಾಸವೇ ಬೇಡ. ಈ ಮಳೆಯಲ್ಲಿ ಪೇಟೆಗೆ ಹೋಗಿಬರಲು ವಾರ ಆಗುತ್ತೆ, ಅಷ್ಟರಲ್ಲಿ ಸಂಬಳದ ದಿನ ಬಂತು ಅಂತೀರಾ? ಅಲ್ಲಿವರೆಗೆ ಒಂದು ಉಪಾಯ ಇದೆ. ಮಾನಿಟರ್ ಹೇಳದಿದ್ದರೆ ನಾವೇ ಹೇಳಬಹುದು. ಟರ್ಮಿನಲ್‌ನಲ್ಲಿ ಈ ಮೂರು ಸಾಲು, ಒಂದಾದ ಮೇಲೆ ಒಂದು:

ಎಕ್ಸ್‌ರ್ಯಾಂಡರ್ --ನ್ಯೂಮೋಡ್ ತೋಟ 118.25 1600 1696 1856 2112 900 903 908 934 -ಎಚ್‌ಸಿಂಕ್ +ವಿಸಿಂಕ್

ಎಕ್ಸ್‌ರ್ಯಾಂಡರ್ --ಆಡ್‌ಮೋಡ್ ವಿಜಿಎ-1 ತೋಟ

ಎಕ್ಸ್‌ರ್ಯಾಂಡರ್ --ಔಟ್‌ಪುಟ್ ವಿಜಿಎ-1 --ಮೋಡ್ ತೋಟ

‘ತೋಟ’ ಅನ್ನುವುದು ನಾನಿಟ್ಟ ಹೆಸರು. ನಿಮಗೆ ಬೇಕಾದ್ದು ಇಡಿ, ಇಂಗ್ಲಿಷ್ ಅಕ್ಷರದಲ್ಲಿದ್ದು ನಡುವೆ ಜಾಗ ಇರದಿದ್ದರೆ ಸಾಕು. ವಿಜಿಎ-1 ಜಾಗದಲ್ಲಿ ಮಾತ್ರ ನಿಮ್ಮ ಸ್ಕ್ರೀನ್ ಮೇಲೆ ಯಾವ ಹೆಸರು ಬಂದಿತ್ತೋ ಅದನ್ನೇ ಹಾಕಬೇಕು, ದೊಡ್ಡಕ್ಷರಕ್ಕೆ ದೊಡ್ಡಕ್ಷರ. ಸಂಖ್ಯೆಗಳು ಎಲ್ಲಿಂದ ಬಂದವು? ‘ಸಿವಿಟಿ 1600 900’ ಎಂದು ಟೈಪ್ ಮಾಡಿದರೆ ಕಂಪ್ಯೂಟರೇ ಲೆಕ್ಕ ಹಾಕಿ ಕೊಡುತ್ತದೆ. ನಿಮಗೆ ಲೆಕ್ಕದ ಅಭ್ಯಾಸ ಇದೆ, ಹಾಗಾಗಿ ಇದನ್ನೂ ನೋಡಿ. 2112ನ್ನು 934ರಿಂದ ಗುಣಿಸಿ, ಬಂದದ್ದನ್ನು 60ರಿಂದ ಗುಣಿಸಿ. ಹೆಚ್ಚುಕಡಿಮೆ 11.8 ಕೋಟಿ ಬರುತ್ತದೆ. ಮೊದಲಿನ 118.25 ಅಂದರೆ ಅದೇ, ಸೆಕೆಂಡಿಗೆ ಅಷ್ಟು ಚುಕ್ಕಿ, ಮೆಗಾಹರ್ಟ್ಸ್ ಲೆಕ್ಕದಲ್ಲಿ. ಕಾಣುವುದು 1600×900 ಮಾತ್ರ, ಉಳಿದ ಚುಕ್ಕಿಗಳು ಕಾಣುವುದಿಲ್ಲ. ಹಳೇ ಡಬ್ಬ ಮಾನಿಟರ್‌ಗಳಲ್ಲಿ ಕಿರಣ ಒಂದು ಸಾಲು ಮುಗಿಸಿ ಹಿಂದಕ್ಕೆ ಬರಲು ಸಮಯ ಬೇಕಿತ್ತು. ಆ ಬಿಡುವು ಇವತ್ತಿಗೂ ಲೆಕ್ಕದಲ್ಲಿ ಉಳಿದುಕೊಂಡಿದೆ.

ಕಂಪ್ಯೂಟರ್ ಆಫ್ ಮಾಡಿದರೆ ಅದಕ್ಕೆ ಈ ಉಪಾಯ ಮರೆತುಹೋಗುತ್ತದೆ. ವಾರದ ಮಟ್ಟಿಗೆ ಬೇಕಾದರೆ ಮೂರೂ ಸಾಲನ್ನು ಒಂದು ಫೈಲಿಗೆ ಹಾಕಿ ‘ಸ್ಟಾರ್ಟಪ್ ಅಪ್ಲಿಕೇಷನ್ಸ್’ಗೆ ಸೇರಿಸಿ. ನೋಮೋಡ್‌ಸೆಟ್ ಇರುವಾಗ ಇದು ನಡೆಯಲ್ಲ, ಅದನ್ನು ಮೊದಲು ತೆಗೆದಿರಬೇಕು.

ಈಗ ಕಪ್ಪು ಸ್ಕ್ರೀನ್. ನನಗೆ ಕುತೂಹಲ ಹುಟ್ಟಿಸಿದ್ದು ಇದೇ.

‘ಲೋಗೋ ಬಂದು ಕಪ್ಪಾಗುತ್ತೆ’ ಎಂದು ಬರೆದಿದ್ದೀರಿ. ಯಾವ ಲೋಗೋ? ಕೊಂಕು ಪ್ರಶ್ನೆ ಅಲ್ಲ ಇದು. ಕಂಪ್ಯೂಟರ್ ಆನ್ ಮಾಡಿದಾಗ ಸ್ಕ್ರೀನಿನ ಮೇಲೆ ಮೂರು ಲೋಗೋ ಬರುತ್ತವೆ, ಜನ ಮೂರನ್ನೂ ಒಂದೇ ಅಂದುಕೊಂಡಿರುತ್ತಾರೆ. ಮೊದಲನೆಯದು ಮಾನಿಟರ್ ಕಂಪನಿಯದು. ಕ್ಯಾಬಿನೆಟ್ ಆಫ್ ಇದ್ದರೂ ಅದು ಬರುತ್ತದೆ. ಎರಡನೆಯದು ಮದರ್‌ಬೋರ್ಡ್ ಅಥವಾ ಕಂಪ್ಯೂಟರ್ ಕಂಪನಿಯದು. ಮೂರನೆಯದು ಮಿಂಟ್‌ನದು.

ಮಾನಿಟರ್ ಲೋಗೋ ಮಾತ್ರ ಬಂದು, ‘ನೋ ಸಿಗ್ನಲ್’ ಎಂದು ತೋರಿಸಿ ಕಪ್ಪಾದರೆ ಕ್ಯಾಬಿನೆಟ್ಟಿನಿಂದ ಏನೂ ಬಂದೇ ಇಲ್ಲ. ಲಿನಕ್ಸ್ ಇನ್ನೂ ಮಲಗಿದೆ, ಅದನ್ನು ಯಾರೂ ಎಬ್ಬಿಸಿಲ್ಲ. ಮದರ್‌ಬೋರ್ಡ್ ಲೋಗೋ ಬಂದು ನಿಂತರೆ ಹಾರ್ಡ್ ಡಿಸ್ಕ್, ಅದರ ಕೇಬಲ್ ಕಡೆ ನೋಡಬೇಕು. ಮಿಂಟ್ ಲೋಗೋ ಬಂದ ಮೇಲೆ ಕಪ್ಪಾದರೆ ಮಾತ್ರ ಲಿನಕ್ಸನ್ನು ವಿಚಾರಣೆಗೆ ಕರೆಯಬಹುದು.

ನನ್ನ ಅನುಮಾನ ಮೊದಲನೆಯದರ ಮೇಲೆ. ಕಾರಣ ಹೇಳುತ್ತೇನೆ. ಡ್ರೈವರ್ ಕೆಟ್ಟರೆ ಸಾಮಾನ್ಯವಾಗಿ ದಿನಾ ಕೆಡುತ್ತದೆ. ನಾಲ್ಕೈದು ದಿನಕ್ಕೊಮ್ಮೆ, ಅದೂ ಬೆಳಿಗ್ಗೆ ಹೊತ್ತು ಕೆಡುವುದು ಡ್ರೈವರ್ ಸ್ವಭಾವ ಅಲ್ಲ. ಇನ್ನೊಂದು, ನೋಮೋಡ್‌ಸೆಟ್ ಇದ್ದೂ ಕಪ್ಪಾಗುತ್ತಿದೆ ಎಂದಾದರೆ, ಡ್ರೈವರ್ ಊರಲ್ಲೇ ಇಲ್ಲದಾಗ ಕಳ್ಳತನ ನಡೆದ ಹಾಗಾಯಿತು. ಅದನ್ನು ಹಿಡಿದು ಏನು ಪ್ರಯೋಜನ? ಜೂನ್‌ನಿಂದ ಮೂಡಿಗೆರೆಯಲ್ಲಿ ಹೇಗಿರುತ್ತೆ ಎಂದು ನಾನು ಹೇಳಬೇಕಾಗಿಲ್ಲ. ಗೋಡೆ ಬೆವರುತ್ತದೆ, ಚಪ್ಪಲಿಗೆ ಬೂಸ್ಟು ಹಿಡಿಯುತ್ತದೆ. ಕ್ಯಾಬಿನೆಟ್ ಒಳಗೆ ಮಾತ್ರ ಒಣಗಿರುತ್ತಾ? ಮಳೆಗಾಲದಲ್ಲಿ ಸಕಲೇಶಪುರ, ಮೂಡಿಗೆರೆ ಕಡೆಯಿಂದ ಹಾಸನದ ನನ್ನ ಅಂಗಡಿಗೆ ‘ಡಿಸ್‌ಪ್ಲೇ ಬರ್ತಿಲ್ಲ’ ಎಂದು ಬರುವ ಡೆಸ್ಕ್‌ಟಾಪ್‌ಗಳಲ್ಲಿ ನಾನು ಮೊದಲು ಕೈ ಹಾಕುವುದು ಮದರ್‌ಬೋರ್ಡಿಗೆ ಸಿಕ್ಕಿಸಿರುವ ಮೆಮೊರಿ ಪಟ್ಟಿಗೆ, ಅಂದರೆ ರ್‍ಯಾಮ್‌ಗೆ. ತಮಾಷೆ ಅಂದರೆ, ಬೇಲೂರು ದಾಟಿ ಬಸ್ಸಿನಲ್ಲಿ ಅಲುಗಾಡಿಕೊಂಡು ಬರುವಷ್ಟರಲ್ಲಿ ಕೆಲವು ತಾವೇ ಸರಿಯಾಗಿಬಿಟ್ಟಿರುತ್ತವೆ. ಇಲ್ಲಿ ಆನ್ ಮಾಡಿದರೆ ಸಲೀಸಾಗಿ ಬರುತ್ತವೆ. ತಂದವರಿಗೆ ಮುಜುಗರ, ನನಗೆ ಕಾರಣ ಸಿಕ್ಕ ಖುಷಿ.

ನೀವೇ ಮಾಡಬಹುದು. ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು ಉಳಿದ ಕರೆಂಟ್ ಇಳಿಸಿ. ಕ್ಯಾಬಿನೆಟ್ಟಿನ ಕಬ್ಬಿಣ ಒಮ್ಮೆ ಮುಟ್ಟಿ. ರ್‍ಯಾಮ್‌ನ ಎರಡು ತುದಿಯ ಕಿವಿಗಳನ್ನು ಹೊರಕ್ಕೆ ಒತ್ತಿದರೆ ಅದು ಮೇಲೆ ಬರುತ್ತದೆ. ಚಿನ್ನದ ಬಣ್ಣದ ಅಂಚನ್ನು ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಹಗುರಾಗಿ ಉಜ್ಜಿ. ಸ್ಯಾಂಡ್‌ಪೇಪರ್ ಬೇಡ, ಅದನ್ನೂ ಮಾಡಿದವರಿದ್ದಾರೆ! ರಬ್ಬರಿನ ಹುಡಿಯನ್ನು ಒಣ ಬ್ರಷ್‌ನಲ್ಲಿ ತೆಗೆಯಿರಿ, ಬಾಯಲ್ಲಿ ಊದಬೇಡಿ, ಉಗುಳಿನ ತೇವ ಹೋಗುತ್ತದೆ. ಎರಡೂ ಕಿವಿ ಟಕ್ ಅನ್ನುವ ತನಕ ಒತ್ತಿ ಕೂರಿಸಿ. ಮಳೆಗಾಲ ಮುಗಿಯುವ ತನಕ, ಕೆಲಸ ಇರಲಿ ಬಿಡಲಿ, ದಿನಾ ಒಂದು ಗಂಟೆ ಕಂಪ್ಯೂಟರ್ ಆನ್ ಇಡಿ. ಬಟ್ಟೆ ಬೀರುವಿನಲ್ಲಿ ಸಣ್ಣ ಬಲ್ಬ್ ಉರಿಸುವುದೂ ಇದೇ ಲೆಕ್ಕಕ್ಕಲ್ವಾ?

ಇಲ್ಲ, ಮಿಂಟ್ ಲೋಗೋ ಬಂದ ಮೇಲೇ ಕಪ್ಪಾಗುತ್ತೆ ಅಂದರೆ ಮುಂದಿನ ಸಲ ಆದಾಗ ಗಾಬರಿಯಿಂದ ಪವರ್ ಬಟನ್ ಒತ್ತಬೇಡಿ. ಕ್ಯಾಪ್ಸ್ ಲಾಕ್ ಒತ್ತಿ, ಕೀಬೋರ್ಡಿನ ದೀಪ ಹತ್ತಿ ಆರುತ್ತಾ ನೋಡಿ. ಹತ್ತಿದರೆ ಒಳಗೆ ಜೀವ ಇದೆ. ಮೊಬೈಲ್ ಟಾರ್ಚನ್ನು ಸ್ಕ್ರೀನಿಗೆ ಓರೆಯಾಗಿ ಹಿಡಿದು ನೋಡಿ. ಮಸುಕಾಗಿ ಚಿತ್ರ ಕಂಡರೆ ಕಂಪ್ಯೂಟರ್ ಸರಿಯಿದೆ, ಮಾನಿಟರಿನ ಬ್ಯಾಕ್‌ಲೈಟ್ ಹೋಗಿದೆ. ಏನೂ ಕಾಣದಿದ್ದರೆ ಕಂಟ್ರೋಲ್, ಆಲ್ಟ್, ಎಫ್3 ಮೂರನ್ನೂ ಒಟ್ಟಿಗೆ ಒತ್ತಿ. ಕಪ್ಪು ಹಲಗೆಯ ಮೇಲೆ ಲಾಗಿನ್ ಕೇಳಿದರೆ ಸಂತೋಷ ಪಡಿ. ಲಿನಕ್ಸ್ ಸರಿಯಿದೆ, ಡೆಸ್ಕ್‌ಟಾಪ್, ಅಂದರೆ ಐಕಾನ್, ಮೆನು ತೋರಿಸುವ ಭಾಗ ಮಾತ್ರ ಎದ್ದಿಲ್ಲ.

ಅಲ್ಲಿ ಲಾಗಿನ್ ಆಗಿ ಮೊದಲು ಕೊಡಬೇಕಾದ ಕಮಾಂಡ್ ಡ್ರೈವರಿನದಲ್ಲ. ‘ಡಿಎಫ್ -ಎಚ್’. ಡಿಸ್ಕ್‌ನಲ್ಲಿ ಎಷ್ಟು ಜಾಗ ಉಳಿದಿದೆ ಎಂದು ಹೇಳುತ್ತದೆ. ಯಾಕೆ ಅಂತೀರಾ? ನನ್ನ ಮನೆಯ ಕಂಪ್ಯೂಟರಿನಲ್ಲೇ ಒಮ್ಮೆ ಲಾಗಿನ್ ಆದ ತಕ್ಷಣ ಕಪ್ಪಾಗಿ ಮತ್ತೆ ಲಾಗಿನ್‌ಗೇ ಬರುತ್ತಿತ್ತು. ಡ್ರೈವರ್ ತೆಗೆದೆ, ಹಾಕಿದೆ, ಮತ್ತೆ ತೆಗೆದೆ. ರಾತ್ರಿ ಹನ್ನೊಂದಕ್ಕೆ ಡಿಸ್ಕ್ ನೋಡಿದರೆ 100ಕ್ಕೆ 100 ತುಂಬಿದೆ. ಮಿಂಟ್‌ನಲ್ಲೇ ಬರುವ ಬ್ಯಾಕಪ್ ಸಾಧನ ಟೈಮ್‌ಶಿಫ್ಟ್, ದಿನಾ ಸಿಸ್ಟಮ್‌ನ ಒಂದೊಂದು ಪ್ರತಿ ತೆಗೆದಿಟ್ಟು ಉಸಿರಾಡಲು ಜಾಗ ಇಲ್ಲದ ಹಾಗೆ ಮಾಡಿತ್ತು. ಡೆಸ್ಕ್‌ಟಾಪ್ ಶುರುವಾಗಲು ಒಂದೆರಡು ಸಣ್ಣ ಫೈಲ್ ಬರೆಯಬೇಕು, ಅದಕ್ಕೂ ಜಾಗ ಇರಲಿಲ್ಲ. ದಿನಾ ಊರವರ ಕಂಪ್ಯೂಟರ್ ರಿಪೇರಿ ಮಾಡುವವನಿಗೆ ಆಗಿದ್ದು ಇದು. ಹಳೇ ಪ್ರತಿಗಳನ್ನು ಟೈಮ್‌ಶಿಫ್ಟ್‌ನಿಂದಲೇ ಅಳಿಸಿ, ಎರಡು ಮೂರು ಇಟ್ಟುಕೊಂಡರೆ ಸಾಕು.

ಜಾಗ ಇದ್ದರೆ ‘ಸುಡೋ ಸಿಸ್ಟಮ್‌ಸಿಟಿಎಲ್ ರೀಸ್ಟಾರ್ಟ್ ಲೈಟ್‌ಡಿಎಂ’ ಕೊಡಿ, ಲಾಗಿನ್ ಪರದೆ ಹೊಸದಾಗಿ ಶುರುವಾಗುತ್ತದೆ. ಕ್ಯಾಪ್ಸ್ ಲಾಕ್ ದೀಪವೂ ಸತ್ತಿದ್ದರೆ ಆಲ್ಟ್ ಮತ್ತು ಪ್ರಿಂಟ್‌ಸ್ಕ್ರೀನ್ ಒತ್ತಿ ಹಿಡಿದು ಎಸ್, ಯು, ಬಿ ಎಂದು ನಿಧಾನವಾಗಿ ಒಂದೊಂದೇ ಒತ್ತಿ. ಡಿಸ್ಕಿಗೆ ಬರೆಯಬೇಕಾದ್ದನ್ನು ಬರೆದು ರೀಸ್ಟಾರ್ಟ್ ಆಗುತ್ತದೆ, ಚೆಕ್‌ರೋಲ್ ಉಳಿಯುತ್ತದೆ. ಅದಕ್ಕೂ ಮಿಸುಕದಿದ್ದರೆ ಮಾತ್ರ ಪವರ್ ಬಟನ್. ಮತ್ತೆ ಎದ್ದ ಮೇಲೆ ‘ಜರ್ನಲ್‌ಸಿಟಿಎಲ್ -ಬಿ -1’ ಕೊಟ್ಟರೆ ಹಿಂದಿನ ಸಲ ಕೊನೆಯಲ್ಲಿ ಏನಾಯಿತು ಎಂಬ ದಿನಚರಿ ಸಿಗುತ್ತದೆ. ಕೊನೆಯ ಒಂದು ಪುಟದ ಫೋಟೋ ಕಳಿಸಿ, ನಾನು ನೋಡುತ್ತೇನೆ. ಅಪ್‌ಡೇಟ್ ಮೇಲಿನ ನಿಮ್ಮ ಅನುಮಾನವನ್ನೂ ಹೀಗೆ ಬಗೆಹರಿಸಬಹುದು. ಆನ್ ಮಾಡುವಾಗ ಶಿಫ್ಟ್ ಒತ್ತಿ ಹಿಡಿಯಿರಿ, ಕೆಲವು ಕಂಪ್ಯೂಟರಿನಲ್ಲಿ ಅದು ಎಸ್ಕೇಪ್. ಬರುವ ಮೆನುವಿನಲ್ಲಿ ‘ಅಡ್ವಾನ್ಸ್‌ಡ್ ಆಪ್ಷನ್ಸ್’ ಒಳಗೆ ಅಪ್‌ಡೇಟ್‌ಗೆ ಹಿಂದಿನ ಕರ್ನಲ್, ಅಂದರೆ ಲಿನಕ್ಸಿನ ತಿರುಳು, ಇರುತ್ತದೆ. ಹತ್ತು ದಿನ ಅದರಲ್ಲೇ ಕೆಲಸ ಮಾಡಿ. ಒಮ್ಮೆಯೂ ಕಪ್ಪಾಗದಿದ್ದರೆ ನೀವು ಗೆದ್ದಿರಿ, ಅಪ್‌ಡೇಟೇ ತಪ್ಪಿತಸ್ಥ.

ವಿಂಡೋಸ್ ಹಾಕಿಸಲಾ ಎಂದು ಕೇಳಿದಿರಿ. ಜಾತಕ ಕಳಿಸದ ಕೇಬಲ್ ವಿಂಡೋಸಿಗೂ ಕಳಿಸಲ್ಲ. ಅದು ನಿಮ್ಮ ಮಾನಿಟರಿಗೆ ‘ಜೆನೆರಿಕ್ ನಾನ್-ಪಿಎನ್‌ಪಿ ಮಾನಿಟರ್’ ಎಂದು ಹೆಸರಿಡುತ್ತದೆ, ಅಂದರೆ ಯಾರೋ ಏನೋ ಗೊತ್ತಿಲ್ಲ ಎಂದು. ರ್‍ಯಾಮ್ ಕೂಡ ಮೇಲೆ ಯಾವ ಸಿಸ್ಟಮ್ ಇದೆ ಎಂದು ನೋಡಿ ತೇವ ಹಿಡಿಯಲ್ಲ. ನಿಮಗೆ ವಿಂಡೋಸ್ ಇಷ್ಟ ಇದ್ದರೆ ಹಾಕಿಸಿ, ಬೇಡ ಅನ್ನಲ್ಲ. ಈ ಕಾಯಿಲೆಗೆ ಮದ್ದು ಎಂದು ಹಾಕಿಸಬೇಡಿ.

ಒತ್ತಕ್ಷರದ ವಿಷಯ ಉಳಿಯಿತು. ಫಾಂಟ್ ಹಾಳಾಗಿಲ್ಲ. ಫಾಂಟ್ ಇಲ್ಲದಿದ್ದರೆ ಅಕ್ಷರದ ಬದಲು ಚೌಕದ ಡಬ್ಬಗಳು ಬರುತ್ತಿದ್ದವು. 1024 ಚುಕ್ಕಿಯನ್ನು ಎಳೆದು 1600ಕ್ಕೆ ಹರಡಿದರೆ ಅಗಲ ಒಂದೂವರೆ ಪಟ್ಟಿಗಿಂತ ಜಾಸ್ತಿ ಆಗುತ್ತದೆ. 768ನ್ನು 900ಕ್ಕೆ ಎಳೆದರೆ ಎತ್ತರ ಆರನೇ ಒಂದು ಪಾಲಿನಷ್ಟೇ ಬೆಳೆಯುತ್ತದೆ. ಅದಕ್ಕೇ ಸೊನ್ನೆ ಕೋಳಿಮೊಟ್ಟೆ ಮಲಗಿಸಿದ ಹಾಗೆ ಕಾಣುತ್ತಿದೆ. ಇಂಗ್ಲಿಷ್ ಅಕ್ಷರ ಹೇಗೋ ತಡೆದುಕೊಳ್ಳುತ್ತದೆ. ನಮ್ಮ ಒತ್ತುಗಳಿಗೆ ಇರುವುದೇ ನಾಲ್ಕಾರು ಚುಕ್ಕಿ, ಅವೂ ಕಲಸಿಹೋದರೆ ಲಕ್ಷ್ಮಮ್ಮ ಯಾರು, ಲಕ್ಕಮ್ಮ ಯಾರು ಎಂದು ಗೊತ್ತಾಗುವುದು ಹೇಗೆ? 1600×900 ಬಂದ ದಿನ ಚೆಕ್‌ರೋಲ್ ತೆಗೆದು ನೋಡಿ. ಆಗಲೂ ಮಸುಕಿದ್ದರೆ ಬರೆಯಿರಿ.